ಕ್ರಿಲ್ಲೋ, ಬೂತಾಯಿಯೋ, ಊರ ಕೆರೆಯೋ: ವಿಜ್ಞಾನ ವಸ್ತುಪ್ರದರ್ಶನಕ್ಕೆ ಯಾವ ಆಹಾರ ಜಾಲ ಆರಿಸಿಕೊಳ್ಳಬೇಕು?

ಹೋದ ವರ್ಷ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಮ್ಮ ಶಾಲೆಯ ಇಬ್ಬರು ಹುಡುಗಿಯರು ಅಂಟಾರ್ಕ್ಟಿಕದ ಆಹಾರ ಜಾಲ ಮಾಡಿ ನಿಂತಿದ್ದರು. ಥರ್ಮೋಕೋಲಿನ ಹಿಮ, ನೀಲಿ ಬಳಿದ ಕಡಲು, ನಡುವೆ ಸಂತೆಯಿಂದ ತಂದ ಒಣ ಸೀಗಡಿ ಅಂಟಿಸಿ ಮಾಡಿದ, ಸೀಗಡಿಯಂಥದೇ ಪುಟ್ಟ ಕಡಲಜೀವಿಯಾದ ಕ್ರಿಲ್ ಹಿಂಡು. ಹೋಗುವವರೆಲ್ಲ ನಿಂತು ನೋಡುವ ಹಾಗಿತ್ತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು.

“ಏನಮ್ಮ, ಈ ತಿಮಿಂಗಿಲಗಳನ್ನೆಲ್ಲ ಕೊಂದುಹಾಕಿದರೆ ಕ್ರಿಲ್ ಏನಾಗುತ್ತೆ?”

“ಜಾಸ್ತಿಯಾಗುತ್ತೆ ಸಾರ್. ತಿನ್ನೋರೇ ಇರಲ್ವಲ್ಲ.”

“ಕೊಂದಿದ್ದು ನಿಜವಾಗಿ ನಡೆದಿದೆ. ಜಾಸ್ತಿಯಾಯ್ತಾ?”

ಹುಡುಗಿ ನನ್ನ ಕಡೆ ನೋಡಿದಳು. ಉತ್ತರ ನನಗೂ ಗೊತ್ತಿರಲಿಲ್ಲ.

ಆ ಉತ್ತರ ಹುಡುಕಿಕೊಂಡು ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಲಿರುವ ಪ್ರಾಣಿಯನ್ನು ತೆಗೆದುಬಿಟ್ಟರೆ ಕೆಳಗಿನದು ಏನಾಗುತ್ತದೆ ಎಂಬ ಒಂದೇ ಪ್ರಶ್ನೆಗೆ ಅಂಟಾರ್ಕ್ಟಿಕದ ಸುತ್ತಲಿನ ದಕ್ಷಿಣ ಸಾಗರ ಒಂದು ಉತ್ತರ ಕೊಡುತ್ತದೆ, ಅರಬ್ಬಿ ಸಮುದ್ರ ಇನ್ನೊಂದು, ನಮ್ಮ ಊರ ಕೆರೆ ಮತ್ತೊಂದು. ಹಾಗಾಗಿ ಯಾವ ಮಾದರಿ ಚೆನ್ನಾಗಿ ಕಾಣುತ್ತದೆ ಎಂದು ನೋಡಿ ಆರಿಸಬೇಡಿ. ನಿಮ್ಮ ಮಗು ಯಾವ ಉತ್ತರವನ್ನು ಅರ್ಥ ಮಾಡಿಕೊಂಡು ತನ್ನ ಮಾತಿನಲ್ಲಿ ಹೇಳಬಲ್ಲದು ಎಂದು ನೋಡಿ ಆರಿಸಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸಮುದ್ರವನ್ನೇ ನೋಡದ ಮಕ್ಕಳು ನಮ್ಮಲ್ಲಿ ಬಹಳ. ಅದು ಕೊರತೆಯೇನಲ್ಲ, ಆದರೆ ಆಯ್ಕೆ ಮಾಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಗತಿ.

ಹುಲ್ಲು, ಜಿಂಕೆ, ಹುಲಿಯ ಚಾರ್ಟು ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ಹತ್ತು ಶಾಲೆಯವರು ಅದನ್ನೇ ತರುತ್ತಾರೆ. ನೆಲದ ಮೇಲಿನದೇ ಬೇಕೆಂದಿದ್ದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಅಲ್ಲಿನ ಕೃಷ್ಣಮೃಗ ತೋರಿಸಿ. ಮಕ್ಕಳನ್ನು ಕರೆದುಕೊಂಡು ಹೋಗಿ ಬರಬಹುದಾದ ಜಾಗ. ಇಲ್ಲಿ ನಾನು ನೀರಿನ ಮೂರು ಜಾಲಗಳನ್ನಷ್ಟೇ ಹೋಲಿಸುತ್ತೇನೆ.

ಕ್ರಿಲ್: ನಡುವೆ ನಿಂತ ಒಂದೇ ಪ್ರಾಣಿ

ಕ್ರಿಲ್ ಮೀನಲ್ಲ. ನಮ್ಮ ಮಕ್ಕಳು ಚಾರ್ಟಿನಲ್ಲಿ “ಕ್ರಿಲ್ ಮೀನು” ಎಂದು ಬರೆದಿದ್ದರು, ನಾನು ತಿದ್ದಿರಲಿಲ್ಲ. ಮೀನಿನ ಮರಿ ಎಂಬ ಅರ್ಥದ ನಾರ್ವೆ ಭಾಷೆಯ ಪದದಿಂದ ಆ ಹೆಸರು ಬಂದಿದೆ, ಗೊಂದಲಕ್ಕೆ ಅದೂ ಒಂದು ಕಾರಣ. ಸೀಗಡಿ, ಏಡಿಗಳ ಹಾಗೆ ಇದು ಚಿಪ್ಪಿನ ಕವಚವಿರುವ ಸಂಧಿಪದಿ. ಜಗತ್ತಿನ ಕಡಲುಗಳಲ್ಲಿ ಸುಮಾರು 85 ಬಗೆಯ ಕ್ರಿಲ್‌ಗಳಿವೆ. ಎಲ್ಲರೂ ಮಾತಾಡುವುದು ಅಂಟಾರ್ಕ್ಟಿಕದ ಕ್ರಿಲ್ ಬಗ್ಗೆ, ಯೂಫಾಸಿಯಾ ಸುಪರ್ಬಾ ಅದರ ಹೆಸರು. ಆರು ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಎರಡು ಗ್ರಾಂ ತೂಗಬಹುದು, ಐದಾರು ವರ್ಷ ಬದುಕುತ್ತದೆ. ಒಣ ಸೀಗಡಿಯನ್ನು ಕ್ರಿಲ್ ಬದಲಿಗೆ ಇಟ್ಟರೆ ತಪ್ಪಿಲ್ಲ, ಆದರೆ ವ್ಯತ್ಯಾಸ ಹೇಳಲು ಮಗುವಿಗೆ ಬರಬೇಕು: ಸೀಗಡಿಯ ಕಿವಿರು ಕವಚದೊಳಗೆ ಅಡಗಿರುತ್ತದೆ, ಕ್ರಿಲ್‌ನದು ಕವಚದ ಕೆಳಗೆ ಹೊರಗೇ ಕಾಣುತ್ತದೆ.

ಇದರ ಮುಂಗಾಲುಗಳೆಲ್ಲ ಸೇರಿ ಒಂದು ಜರಡಿಬುಟ್ಟಿಯಂತೆ ಆಗುತ್ತವೆ. ನೀರನ್ನು ಆ ಬುಟ್ಟಿಗೆ ತುಂಬಿಕೊಂಡು ಹಿಂಡಿ, ಉಳಿದ ಡಯಾಟಮ್‌ಗಳನ್ನು ತಿನ್ನುತ್ತದೆ. ಡಯಾಟಮ್ ಎಂದರೆ ಗಾಜಿನಂಥ ಸಿಲಿಕಾ ಡಬ್ಬಿಯೊಳಗೆ ಬದುಕುವ ಒಂದೇ ಕೋಶದ ಪಾಚಿ. ಚಳಿಗಾಲದಲ್ಲಿ ಬೆಳಕಿರುವುದಿಲ್ಲ, ಕಡಲ ಮೇಲೆ ಹಿಮ ಹೆಪ್ಪುಗಟ್ಟಿರುತ್ತದೆ. ಆಗ ಕ್ರಿಲ್ ಮರಿಗಳು ಹಿಮದ ತಳಕ್ಕೆ ಅಂಟಿದ ಪಾಚಿಯನ್ನು ಕೆರೆದು ತಿಂದು ಬದುಕುತ್ತವೆ. ದೊಡ್ಡವು ಹಸಿದರೆ ಇನ್ನೂ ವಿಚಿತ್ರ: ಪೊರೆ ಬಿಡುತ್ತ ಬಿಡುತ್ತ ಮೈಯನ್ನೇ ಕುಗ್ಗಿಸಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ 200 ದಿನಕ್ಕೂ ಮೀರಿ ಏನನ್ನೂ ತಿನ್ನದೆ ಹೀಗೆ ಬದುಕಿದ್ದು ದಾಖಲಾಗಿದೆ.

ಈ ಒಂದು ಜಾತಿಯ ಒಟ್ಟು ತೂಕ ಸುಮಾರು 38 ಕೋಟಿ ಟನ್ ಎಂಬ ಅಂದಾಜಿದೆ. ಮಕ್ಕಳಿಗೆ ಈ ಸಂಖ್ಯೆಯಿಂದ ಏನೂ ಆಗುವುದಿಲ್ಲ. ಅದರ ಬದಲು ನಾಲ್ಕು ಕೋಲು, ಒಂದು ಹುರಿ ತೆಗೆದುಕೊಂಡು ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಇರುವ ಚೌಕಟ್ಟು ಕಟ್ಟಿಸಿ. ದಟ್ಟವಾದ ಹಿಂಡಿನಲ್ಲಿ ಅಷ್ಟು ನೀರಿಗೆ 10,000 ಕ್ರಿಲ್ ಇರುತ್ತವೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದೊಂದು ಒಂದೇ ಗ್ರಾಂ ಎಂದಿಟ್ಟುಕೊಂಡರೂ ಹತ್ತು ಕೆ.ಜಿ. ಆಯಿತು. ಕೋಲಾರದ ಎಪಿಎಂಸಿ ಟೊಮೆಟೊ ಬಾಕ್ಸು 15 ಕೆ.ಜಿ.ಯದು, ನಮ್ಮ ಮಕ್ಕಳಿಗೆ ಆ ತೂಕ ಹೆಗಲಿಗೆ ಗೊತ್ತು. ನೀಲಿ ತಿಮಿಂಗಿಲ ಮೇಯುವ ಕಾಲದಲ್ಲಿ ದಿನಕ್ಕೆ ಹಲವು ಟನ್ ಕ್ರಿಲ್ ತಿನ್ನುತ್ತದೆ. ನಾಲ್ಕು ಟನ್ ಎಂದು ಹಿಡಿದರೆ 266 ಬಾಕ್ಸು, ಒಂದೇ ಬಾಯಿಗೆ, ಒಂದೇ ದಿನಕ್ಕೆ. ಹೀಗೆ ಹೇಳಿದಾಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತುಬಿಟ್ಟ.

ಕ್ರಿಲ್ ಜಾಲದ ದೊಡ್ಡ ಗುಣ ಅದರ ಗಿಡ್ಡತನ. ಡಯಾಟಮ್, ಕ್ರಿಲ್, ತಿಮಿಂಗಿಲ, ಅಷ್ಟೆ. ಜಗತ್ತಿನ ಅತಿ ದೊಡ್ಡ ಪ್ರಾಣಿಗೂ ಕಣ್ಣಿಗೆ ಕಾಣದ ಪಾಚಿಗೂ ನಡುವೆ ಒಂದೇ ಮೆಟ್ಟಿಲು. ಪೋಷಣಾ ಸ್ತರದಿಂದ ಸ್ತರಕ್ಕೆ ಹತ್ತರಲ್ಲೊಂದು ಪಾಲು ಶಕ್ತಿ ಮಾತ್ರ ದಾಟುತ್ತದೆ ಎಂದು ಹತ್ತನೇ ತರಗತಿಯ ‘ನಮ್ಮ ಪರಿಸರ’ ಪಾಠದಲ್ಲಿ ಹೇಳುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸಾವಿರ ಕೆ.ಜಿ. ಡಯಾಟಮ್‌ಗೆ ನೂರು ಕೆ.ಜಿ. ಕ್ರಿಲ್, ಅದಕ್ಕೆ ಹತ್ತು ಕೆ.ಜಿ. ತಿಮಿಂಗಿಲ. ಇನ್ನೊಂದು ಮೆಟ್ಟಿಲು ಇದ್ದಿದ್ದರೆ ಒಂದೇ ಕೆ.ಜಿ. ಉಳಿಯುತ್ತಿತ್ತು, ಅಷ್ಟು ದೊಡ್ಡ ಮೈಗೆ ಆಹಾರ ಸಾಲುತ್ತಿರಲಿಲ್ಲ.

ಆ ಒಂದು ಮೆಟ್ಟಿಲಿನ ಮೇಲೆ ನಿಂತಿರುವವರು ಬಹಳ ಮಂದಿ. ಅಡೇಲಿ, ಚಿನ್‌ಸ್ಟ್ರಾಪ್, ಜೆಂಟೂ ಪೆಂಗ್ವಿನ್‌ಗಳು, ಹಲವು ಕಡಲಹಕ್ಕಿಗಳು, ಮೀನುಗಳು, ಸ್ಕ್ವಿಡ್‌ಗಳು, ತುಪ್ಪಳದ ಸೀಲ್‌ಗಳು. ‘ಏಡಿ ತಿನ್ನುವ ಸೀಲ್’ ಎಂಬ ಹೆಸರಿನದೊಂದಿದೆ, ಅದು ಏಡಿ ತಿನ್ನುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ಕ್ರಿಲ್ ಮೇಲೆಯೇ ಬದುಕುತ್ತದೆ. ಅದರ ಹಲ್ಲುಗಳ ಅಂಚು ಸೀಳುಸೀಳಾಗಿದ್ದು, ಬಾಯಿ ಮುಚ್ಚಿದಾಗ ನೀರು ಸೋಸುವ ಜಾಲರಿಯಾಗುತ್ತದೆ. ಲೆಪರ್ಡ್ ಸೀಲ್ ಪೆಂಗ್ವಿನ್ನನ್ನೂ ತಿನ್ನುತ್ತದೆ, ಕ್ರಿಲ್ಲನ್ನೂ ತಿನ್ನುತ್ತದೆ. ಬಾಣದ ಗುರುತುಗಳನ್ನು ಏಣಿಯಂತೆ ಒಂದರ ಮೇಲೊಂದು ಬರೆಯದೆ ಬಲೆಯಂತೆ ಬರೆಯಬೇಕಾದದ್ದು ಇಂಥ ಕಾರಣಕ್ಕೆ. ಚಕ್ರವರ್ತಿ ಪೆಂಗ್ವಿನ್ನಿನ ಮುಖ್ಯ ಆಹಾರ ಮೀನು, ಆದ್ದರಿಂದ ಮಾದರಿಗೆ ಅಡೇಲಿಯನ್ನೇ ಇಡಿ. ಹಿಮಕರಡಿಯನ್ನಂತೂ ಇಡಲೇಬೇಡಿ, ಅದು ಇರುವುದು ಉತ್ತರ ಧ್ರುವದ ಕಡೆ.

ಈಗ ಆ ತೀರ್ಪುಗಾರರ ಪ್ರಶ್ನೆಗೆ ಬರೋಣ.

ಇಪ್ಪತ್ತನೇ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲೇ 20 ಲಕ್ಷಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕೊಂದರು. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ನೂರಕ್ಕೆ ಒಂದಕ್ಕಿಂತ ಕಡಿಮೆ ಉಳಿದವು. ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ತಡೆ ತೀರ್ಮಾನಿಸಿತು, 1986ರಿಂದ ಅದು ಜಾರಿಗೆ ಬಂತು. ಅಷ್ಟು ತಿಮಿಂಗಿಲ ಹೋದ ಮೇಲೆ ಅವು ತಿನ್ನಬೇಕಿದ್ದ ಕ್ರಿಲ್ ಎಲ್ಲ ಮಿಕ್ಕಿರಬೇಕು ಎಂದು ಆಗಿನ ವಿಜ್ಞಾನಿಗಳೂ ಲೆಕ್ಕ ಹಾಕಿದ್ದರು, ನಮ್ಮ ಹುಡುಗಿ ಹೇಳಿದ ಉತ್ತರವನ್ನೇ. ಕೆಲವು ಸೀಲ್, ಪೆಂಗ್ವಿನ್‌ಗಳಿಗೆ ಸ್ವಲ್ಪ ಕಾಲ ಅದರ ಲಾಭ ಸಿಕ್ಕಿತು ಎಂಬ ವಾದವೂ ಇದೆ. ಆದರೆ ಕ್ರಿಲ್ ರಾಶಿ ಉಕ್ಕಿ ಹರಿಯಲಿಲ್ಲ.

ಯಾಕೆ ಎಂಬುದಕ್ಕೆ ಈಗ ಬಲವಾಗಿ ಕೇಳಿಬರುವ ಉತ್ತರ ಕಬ್ಬಿಣ. ದಕ್ಷಿಣ ಸಾಗರದಲ್ಲಿ ಸಾರಜನಕ, ರಂಜಕಕ್ಕೆ ಬರವಿಲ್ಲ, ಕಬ್ಬಿಣಕ್ಕೆ ಬರ. ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಎದ್ದರೆ ಒಗೆದು ಹಾಕಿದ ಬಿಳಿ ಅಂಗಿ ಕೆಂಪಾಗುತ್ತದೆ. ಆ ಕೆಂಪು ಕಬ್ಬಿಣದ್ದೇ. ಅಲ್ಲಿ ಗಾಳಿಗೆ ಹಾರಿ ಬಂದು ಕಡಲಿಗೆ ಬೀಳಲು ಬರಿ ಮಣ್ಣಿನ ನೆಲವೇ ಹತ್ತಿರದಲ್ಲಿಲ್ಲ, ಇರುವ ಖಂಡ ಹಿಮದಡಿ ಹೂತಿದೆ. ಹಾಗಾಗಿ ಅಲ್ಲಿ ಇರುವಷ್ಟು ಕಬ್ಬಿಣವೇ ಕೈಯಿಂದ ಕೈಗೆ ತಿರುಗಬೇಕು. ಡಯಾಟಮ್‌ನಲ್ಲಿದ್ದದ್ದು ಕ್ರಿಲ್‌ಗೆ, ಕ್ರಿಲ್‌ನಲ್ಲಿದ್ದದ್ದು ತಿಮಿಂಗಿಲಕ್ಕೆ ಹೋಗುತ್ತದೆ. ತಿಮಿಂಗಿಲ ಮೇಲೆ ಬಂದು, ಬೆಳಕಿರುವ ನೀರಿನಲ್ಲೇ ಮಲ ಹಾಕುತ್ತದೆ. ಆ ಮಲದಲ್ಲಿ ಕಬ್ಬಿಣದ ಸಾಂದ್ರತೆ ಸುತ್ತಲಿನ ಸಮುದ್ರದ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು ಎಂದು 2010ರಲ್ಲಿ ಅಳೆದಿದ್ದಾರೆ. ತಿಪ್ಪೆಗೊಬ್ಬರ ಹೊಲಕ್ಕೆ ಹೋಗುವ ಹಾಗೆಯೇ ಇದು. ಮೇಯುವ ಪ್ರಾಣಿಯೇ ಮೇವು ಬೆಳೆಸುತ್ತಿತ್ತು. ದನವನ್ನೆಲ್ಲ ಮಾರಿದ ಮನೆಯ ಹೊಲಕ್ಕೆ ಗೊಬ್ಬರ ಎಲ್ಲಿಂದ ಬರಬೇಕು ಎಂದು ಕೇಳಿದರೆ ನಮ್ಮ ಮಕ್ಕಳು ಒಂದು ಕ್ಷಣವೂ ಯೋಚಿಸುವುದಿಲ್ಲ.

ಈ ಕಥೆಯಲ್ಲಿ ಭಾರತದ ಪಾಲೂ ಇದೆ. 2009ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗನರ್ ಸಂಸ್ಥೆ ಸೇರಿ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ದಕ್ಷಿಣ ಅಟ್ಲಾಂಟಿಕ್‌ಗೆ ಹೋಗಿ, 300 ಚದರ ಕಿಲೋಮೀಟರ್ ನೀರಿಗೆ ಆರು ಟನ್ ಕರಗಿದ ಕಬ್ಬಿಣ ಬಿಟ್ಟು ನೋಡಿದರು. ಪ್ರಯೋಗದ ಹೆಸರು ಲೋಹಾಫೆಕ್ಸ್. ಹಿಂದಿಯಲ್ಲಿ ಲೋಹಾ ಎಂದರೆ ಕಬ್ಬಿಣ, ಕನ್ನಡದ ಮಕ್ಕಳು ಎಲ್ಲ ಲೋಹಗಳೂ ಎಂದುಕೊಳ್ಳುತ್ತಾರೆ, ಬಿಡಿಸಿ ಹೇಳಿ. ಮೊದಲ ಎರಡು ವಾರ ಪಾಚಿ ಏರಿತು. ಆದರೆ ಅದು ಡಯಾಟಮ್ ಆಗಿರಲಿಲ್ಲ. ಆ ನೀರಿನಲ್ಲಿ ಸಿಲಿಕಾ ಮೊದಲೇ ಖರ್ಚಾಗಿದ್ದರಿಂದ ಗಾಜಿನ ಡಬ್ಬಿ ಕಟ್ಟಲು ಸಾಮಗ್ರಿ ಇರಲಿಲ್ಲ. ಬೆಳೆದ ಮೆತ್ತನೆಯ ಪಾಚಿಯನ್ನು ಕೋಪೆಪಾಡ್ ಎಂಬ ಪುಟ್ಟ ಪ್ರಾಣಿಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು, ಮೇಯ್ದುಬಿಟ್ಟವು. ಕಬ್ಬಿಣ ಸುರಿದ ಮಾತ್ರಕ್ಕೆ ಕ್ರಿಲ್‌ಗೆ ಬೇಕಾದ ಮೇವು ಬೆಳೆಯುವುದಿಲ್ಲ ಎಂಬುದು ನನಗೆ ಇದರಿಂದ ಸ್ಪಷ್ಟವಾಯಿತು. ಮಗು ಇದನ್ನು ಹೇಳಬಲ್ಲದಾದರೆ ಯಾವ ತೀರ್ಪುಗಾರರೂ ನಿಂತು ಕೇಳುತ್ತಾರೆ.

ನಮ್ಮ ಜಿಲ್ಲೆಗಳವರು ಬಿಡಬಾರದ ಇನ್ನೊಂದು ಎಳೆ ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಕೋಲಾರದ ಬೋರ್‌ವೆಲ್ ನೀರಿನ ಫ್ಲೋರೈಡ್ ನಮಗೆ ಹೊಸದಲ್ಲ, ಹಲ್ಲು ಕಂದಿದ ಮಕ್ಕಳು ತರಗತಿಯಲ್ಲೇ ಇದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದು ಎನ್ನುತ್ತೇವೆ. ಕ್ರಿಲ್‌ನ ಕವಚದಲ್ಲಿ ಕಿಲೋಗೆ ಸಾವಿರ ಮಿಲಿಗ್ರಾಂ ದಾಟಿ ಫ್ಲೋರೈಡ್ ಇರುತ್ತದೆ. ಬದುಕಿರುವಾಗ ಅದು ಕವಚದಲ್ಲೇ ಇದ್ದು, ಸತ್ತ ಮೇಲೆ ಮಾಂಸಕ್ಕೆ ಇಳಿಯುತ್ತದೆ. ಹಿಡಿದ ಕ್ರಿಲ್ಲನ್ನು ಹಡಗಿನಲ್ಲೇ ಬೇಗ ಸಂಸ್ಕರಿಸಬೇಕಾಗುವುದಕ್ಕೆ ಇದೂ ಒಂದು ಕಾರಣ. ಹಿಡಿದದ್ದರಲ್ಲಿ ಬಹುಪಾಲು ಮನುಷ್ಯರ ತಟ್ಟೆಗೆ ನೇರವಾಗಿ ಬರುವುದಿಲ್ಲ. ಸಾಕಿದ ಸಾಲ್ಮನ್ ಮೀನಿನ ಆಹಾರಕ್ಕೆ, ಒಮೆಗಾ-3 ಮಾತ್ರೆಗಳಿಗೆ ಹೋಗುತ್ತದೆ. ಈ ಮೀನುಗಾರಿಕೆಯನ್ನು ನಿಯಂತ್ರಿಸುವ ಅಂಟಾರ್ಕ್ಟಿಕ ಜೀವಿ ಸಂರಕ್ಷಣೆಯ ಒಪ್ಪಂದ 1982ರಲ್ಲಿ ಜಾರಿಗೆ ಬಂತು. ಭಾರತ 1986ರಿಂದ ಅದರ ಆಯೋಗದ ಸದಸ್ಯ. ನೈರುತ್ಯ ಅಟ್ಲಾಂಟಿಕ್ ಭಾಗದಲ್ಲಿ ವರ್ಷಕ್ಕೆ 6,20,000 ಟನ್ ಎಂಬ ಮಿತಿ ಇದೆ. 38 ಕೋಟಿ ಟನ್ನಿನ ಎದುರು ಇದು ಸಣ್ಣದೆಂದು ಕಾಣುತ್ತದೆ. ಆದರೆ ಹಡಗುಗಳು ಬಲೆ ಬಿಡುವುದು ಪೆಂಗ್ವಿನ್, ತಿಮಿಂಗಿಲಗಳು ಮೇಯುವ ಅದೇ ಕರಾವಳಿಯಲ್ಲಿ. ಒಟ್ಟು ಎಷ್ಟು ಎಂಬುದಕ್ಕಿಂತ ಎಲ್ಲಿಂದ, ಯಾವಾಗ ತೆಗೆದರು ಎಂಬುದು ಮರಿಗೆ ಉಣಿಸಬೇಕಾದ ಪೆಂಗ್ವಿನ್‌ಗೆ ಮುಖ್ಯ. ನನಗೆ ಈ ಮಿತಿಯ ಬಗ್ಗೆ ಸಮಾಧಾನವಿಲ್ಲ.

ಕ್ರಿಲ್ ಆರಿಸಿಕೊಂಡರೆ ಕಷ್ಟವೂ ಇದೆ. ಮಗು ಮುಟ್ಟಿ ನೋಡುವಂಥದ್ದು ಏನೂ ಇಲ್ಲ, ಎಲ್ಲವೂ ಕೇಳಿ ನಂಬಬೇಕಾದದ್ದು. ಬಾಯಿಪಾಠ ಮಾಡಿದರೆ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ. ಕನಿಷ್ಠ ಮೂರು ವಾರ ಆ ಮಗುವಿನ ಜೊತೆ ಕೂತು ಮಾತಾಡುವುದಕ್ಕೆ ನಿಮಗೆ ಪುರುಸೊತ್ತಿದ್ದರೆ ಮಾತ್ರ ತೆಗೆದುಕೊಳ್ಳಿ.

ಊರ ಕೆರೆ: ಬಾಟಲಿಯಲ್ಲಿ ತರಬಹುದಾದ ಜಾಲ

ಕೆರೆಗಳಿಗೇ ಹೆಸರಾದ ಜಿಲ್ಲೆ ಕೋಲಾರ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಚಿಕ್ಕಬಳ್ಳಾಪುರಕ್ಕೆ ಅಂಥದೇ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬಂತು, ಕಂದವಾರ ಕೆರೆ ತುಂಬಿದ್ದು ಹಾಗೆ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಅಂಗಳಗಳಲ್ಲಿ ಈಗ ನೀರಿದೆ, ನೀರಿನಲ್ಲಿ ಜೀವವಿದೆ. ಇದನ್ನು ಬಿಟ್ಟು ಅಂಟಾರ್ಕ್ಟಿಕಕ್ಕೆ ಯಾಕೆ ಹೋಗಬೇಕು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಹಳೆಯ ನೈಲಾನ್ ವೇಲ್ ತುಂಡನ್ನು ತಂತಿಯ ಬಳೆಗೆ ಹೊಲಿದು, ತುದಿಗೆ ಸಣ್ಣ ಬಾಟಲಿ ಕಟ್ಟಿದರೆ ಪ್ಲವಕ ಹಿಡಿಯುವ ಬಲೆ ತಯಾರು. ದಡದಿಂದ ಎಸೆದು ನಿಧಾನ ಎಳೆದರೆ ಸಾಕು. ದಡದಿಂದಲೇ, ದೊಡ್ಡವರ ಎದುರಿನಲ್ಲೇ. ಹೂಳು, ಮಣ್ಣು ತೆಗೆದ ಕೆರೆಗಳಲ್ಲಿ ಗುಂಡಿ ಎಲ್ಲಿದೆ ಎಂದು ಮೇಲಿಂದ ತಿಳಿಯುವುದಿಲ್ಲ. ಯಾವ ಮಾದರಿಗಾಗಿಯೂ ಮಕ್ಕಳು ನೀರಿಗಿಳಿಯಬಾರದು.

ಆ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕುಪ್ಪಳಿಸುತ್ತ ಈಜುವ ಚುಕ್ಕೆಗಳು ಕಾಣುತ್ತವೆ. ಡ್ಯಾಫ್ನಿಯಾ, ಮೊಯ್ನಾ, ಅಂದರೆ ನೀರಿನ ಚಿಗಟಗಳು. ಮೈ ಪಾರದರ್ಶಕ, ಸೂಕ್ಷ್ಮದರ್ಶಕದಲ್ಲಿ ಹೃದಯ ಹೊಡೆದುಕೊಳ್ಳುವುದನ್ನೇ ನೋಡಬಹುದು. ಜೊತೆಗೆ ಒಂಟಿಕಣ್ಣಿನ ಸೈಕ್ಲಾಪ್ಸ್ ಇರುತ್ತದೆ, ಹೆಣ್ಣಾದರೆ ಹಿಂದೆ ಎರಡು ಮೊಟ್ಟೆಚೀಲ. ಹಿಂದೆ ಮೆಟ್ಟಿಲುಬಾವಿಗಳ ನೀರಿನಿಂದ ನಾರುಹುಣ್ಣು ಹರಡುತ್ತಿದ್ದದ್ದು ಇದೇ ಸೈಕ್ಲಾಪ್ಸ್ ಮೂಲಕ. ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಊರೂರಲ್ಲಿ ಹೇಳಿಕೊಟ್ಟು, ಭಾರತ 2000ದಲ್ಲಿ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಅಜ್ಜಿಯರನ್ನು ಕೇಳಿ ಬರಲು ಮಕ್ಕಳಿಗೆ ಹೇಳಿ. ಆಹಾರ ಜಾಲದ ಒಂದು ಕೊಂಡಿ ಮನೆಯೊಳಗಿನ ನೆನಪಾಗಿ ಸಿಗುತ್ತದೆ.

ಜಾಲದ ಉಳಿದ ಭಾಗ ಎಲ್ಲರಿಗೂ ಗೊತ್ತಿರುವುದೇ. ಪಾಚಿಯನ್ನು ಚಿಗಟ ತಿನ್ನುತ್ತದೆ, ಚಿಗಟವನ್ನು ಕಾಟ್ಲಾ ಮತ್ತು ಸಣ್ಣ ಮೀನುಗಳು, ಅವನ್ನು ಕೊರವ ಮೀನು, ಮಿಂಚುಳ್ಳಿ, ಬೆಳ್ಳಕ್ಕಿ, ನೀರುಕಾಗೆ. ತುಮಕೂರಿನವರಾದರೆ ಶಿರಾ ತಾಲ್ಲೂಕಿನ ಕಗ್ಗಲಡು ಊರಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನೇ ಮೇಲಿನ ಸ್ತರಕ್ಕೆ ಇಡಿ. ಊರಿನವರೇ ಕಾಪಾಡಿಕೊಂಡು ಬಂದ ಹಕ್ಕಿಗಳು ಅವು, ಸುತ್ತಲ ಕೆರೆಗಳ ಮೀನೇ ಅವುಗಳ ಮರಿಗೆ ಆಹಾರ.

ಇಲ್ಲಿ ಅದೇ ಪ್ರಶ್ನೆ ಕೇಳಿ. ಮೀನನ್ನೆಲ್ಲ ಹಿಡಿದುಬಿಟ್ಟರೆ ನೀರಿನ ಚಿಗಟ ಏನಾಗುತ್ತದೆ? ಇಲ್ಲಿ ಹುಡುಗಿಯ ಉತ್ತರ ಸರಿ: ಜಾಸ್ತಿಯಾಗುತ್ತದೆ. ಚಿಗಟ ಜಾಸ್ತಿಯಾದರೆ ಪಾಚಿ ಕಡಿಮೆಯಾಗಿ ನೀರು ತಿಳಿಯಾಗುತ್ತದೆ. ಮೀನು ತುಂಬಿದ ನೀರಿನಲ್ಲಿ ಚಿಗಟ ಉಳಿಯದೆ ಹಸಿರು ಕಟ್ಟುತ್ತದೆ. ಕಾರಣ, ನಮ್ಮ ಕೆರೆಯ ಪಾಚಿಗೆ ಕಬ್ಬಿಣದ ಬರವಿಲ್ಲ. ಸಂಸ್ಕರಿಸಿದ ನೀರಿನೊಡನೆ ಸಾರಜನಕ, ರಂಜಕ ಬರುತ್ತಲೇ ಇರುತ್ತವೆ. ಗೊಬ್ಬರಕ್ಕೆ ಕೊರತೆಯಿಲ್ಲದ ಕಡೆ, ತಿನ್ನುವ ಬಾಯಿ ಎಷ್ಟಿದೆ ಎಂಬುದೇ ಲೆಕ್ಕ ನಡೆಸುತ್ತದೆ. ಹಾಗೆಂದು ಇದೂ ಪೂರ್ತಿ ಸಲೀಸಲ್ಲ. ಗೊಬ್ಬರ ಅತಿಯಾಗಿ, ಮುದ್ದೆಮುದ್ದೆಯಾಗಿ ತೇಲುವ ನೀಲಿಹಸಿರು ಪಾಚಿ ಬಂದುಬಿಟ್ಟರೆ ಚಿಗಟ ಅದನ್ನು ತಿನ್ನಲಾರದು. ಆಗ ಮೀನು ತೆಗೆದರೂ ನೀರು ಹಸಿರಾಗಿಯೇ ಇರುತ್ತದೆ.

ಇದನ್ನು ಮಾಡಿಯೇ ತೋರಿಸಬಹುದು ಎಂಬುದು ಕೆರೆಯ ದೊಡ್ಡ ಲಾಭ. ಪ್ರದರ್ಶನಕ್ಕೆ ಮೂರು ವಾರ ಮೊದಲು ಎರಡು ಟಬ್‌ಗಳಲ್ಲಿ ಒಂದೇ ಕೆರೆಯ ನೀರು, ಒಂದೇ ಅಳತೆಯಷ್ಟು ಚಿಗಟ ಹಾಕಿ, ಒಂದೇ ಬಿಸಿಲಿಗೆ ಇಡಿ. ಒಂದರಲ್ಲಿ ಮಾತ್ರ ನಾಲ್ಕೈದು ಗಪ್ಪಿ ಮೀನು ಬಿಡಿ. ಬಿಳಿ ತಟ್ಟೆಯ ಮೇಲೆ ಕಪ್ಪು ಗೆರೆ ಬರೆದು ನೀರಿಗಿಳಿಸಿ, ಎಷ್ಟು ಆಳದವರೆಗೆ ಗೆರೆ ಕಾಣುತ್ತದೆ ಎಂದು ದಿನಾ ಸಂಜೆ ಬರೆದುಕೊಳ್ಳಲಿ. ಎರಡು ಟಬ್ಬಿನಲ್ಲಿ ನಿರೀಕ್ಷಿಸಿದ್ದು ಬಾರದೆ ಹೋದರೂ ಆ ಪುಸ್ತಕವನ್ನು ಹಾಗೆಯೇ ಮೇಜಿನ ಮೇಲಿಡಿ. ಅದು ಮಕ್ಕಳೇ ಅಳೆದ ಅಂಕಿ, ಯಾವ ಥರ್ಮೋಕೋಲ್ ಹಿಮಕ್ಕಿಂತಲೂ ಬೆಲೆಯುಳ್ಳದ್ದು.

ಬೂತಾಯಿ: ಗಾಳಿ ನಡೆಸುವ ಜಾಲ

ಸಮುದ್ರವೇ ಬೇಕು, ಆದರೆ ಕೈಗೆ ಸಿಗುವ ಪ್ರಾಣಿಯಾಗಿರಬೇಕು ಎನ್ನುವವರಿಗೆ ಬೂತಾಯಿ, ಅಂದರೆ ಸಾರ್ಡೀನ್ ಎಂಬ ಸಣ್ಣ ಕಡಲ ಮೀನು. ಪೇಟೆಯ ಮೀನಂಗಡಿಗೆ ಐಸ್ ಪೆಟ್ಟಿಗೆಯಲ್ಲಿ ಬಂದಿರುತ್ತದೆ. ಒಂದನ್ನು ತಂದು ಕಿವಿರು ಬಿಡಿಸಿ ತೋರಿಸಿದರೆ, ಪ್ಲವಕ ಸೋಸುವ ಬಾಚಣಿಗೆಯಂಥ ಎಳೆಗಳು ಕಾಣುತ್ತವೆ. ಕ್ರಿಲ್‌ನ ಕಾಲುಬುಟ್ಟಿ ಮಾಡುವ ಕೆಲಸವನ್ನು ಇಲ್ಲಿ ಕಿವಿರಿನ ಬಾಚಣಿಗೆ ಮಾಡುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಬೂತಾಯಿ ಡಯಾಟಮ್‌ಗಳನ್ನೂ ಕೋಪೆಪಾಡ್‌ಗಳನ್ನೂ ತಿನ್ನುತ್ತದೆ, ಅದನ್ನು ಅಂಜಲ್, ಟ್ಯೂನಾದಂಥ ದೊಡ್ಡ ಮೀನುಗಳು, ಡಾಲ್ಫಿನ್‌ಗಳು, ನಾವು.

ಇಲ್ಲಿ ಪ್ರಶ್ನೆಗೆ ಬರುವ ಉತ್ತರವೇ ಬೇರೆ. ದೊಡ್ಡ ಮೀನು ಕಡಿಮೆಯಾದರೆ ಬೂತಾಯಿ ಹೆಚ್ಚುತ್ತದೆಯೇ ಎಂದರೆ, ಬೂತಾಯಿಯ ಏರಿಳಿತವನ್ನು ಹೆಚ್ಚಾಗಿ ನಿರ್ಧರಿಸುವುದು ಅದನ್ನು ತಿನ್ನುವವರಲ್ಲ. ಮುಂಗಾರಿನ ಗಾಳಿ ದಡದ ನೀರನ್ನು ಆಚೆಗೆ ಸರಿಸುತ್ತದೆ, ತಳದಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ, ಡಯಾಟಮ್ ಬೆಳೆಯುತ್ತದೆ, ಬೂತಾಯಿ ಹಿಂಡು ದಡಕ್ಕೆ ಬರುತ್ತದೆ. ಗಾಳಿ ತಪ್ಪಿದರೆ, ನೀರು ಬಿಸಿಯಾದರೆ, ಮರಿಗಳನ್ನೇ ಬಾಚಿ ಹಿಡಿದರೆ ಎಲ್ಲವೂ ತಪ್ಪುತ್ತದೆ. 2012ರಲ್ಲಿ ಕೇರಳದಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಕೆಲವೇ ಸಾವಿರ ಟನ್. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನು ಮರಿ ಮಾಡಲಿ ಎಂದು. ಮಳೆ ಬಂದರೆ ರಾಗಿ, ಬಾರದಿದ್ದರೆ ಇಲ್ಲ ಎಂಬುದನ್ನು ಹುಟ್ಟಿನಿಂದ ನೋಡಿದ ಬಯಲುಸೀಮೆಯ ಮಗುವಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪ್ರಾಯೋಗಿಕ ತೊಂದರೆ ಒಂದೇ: ಮೀನು ಮಧ್ಯಾಹ್ನಕ್ಕೆ ವಾಸನೆ ಬರುತ್ತದೆ, ಪಕ್ಕದ ಮೇಜಿನವರಿಗೆ ಹಿಂಸೆ. ಬೆಳಿಗ್ಗೆ ಮಾತ್ರ ತೋರಿಸಿ, ಮಧ್ಯಾಹ್ನಕ್ಕೆ ಫೋಟೋ ಇಡಿ.

ಯಾರಿಗೆ ಯಾವುದು

ಎಂಟನೇ ತರಗತಿಯ ಮಕ್ಕಳಾದರೆ ಕೆರೆ, ಎರಡನೇ ಮಾತೇ ಇಲ್ಲ. ಖರ್ಚು ಕಡಿಮೆ, ಕಣ್ಣಿಗೆ ಕಾಣುತ್ತದೆ, ಉತ್ತರ ನೇರವಾಗಿದೆ. ಮಾತು ಚೆನ್ನಾಗಿ ಬರುವ, ಪುಸ್ತಕ ಓದುವ ಹತ್ತನೆಯ ತರಗತಿಯ ಮಗು ಇದ್ದರೆ ಕ್ರಿಲ್ ಕೊಡಿ, ಯಾಕೆಂದರೆ ಅಲ್ಲಿ ಎಲ್ಲರೂ ಊಹಿಸುವ ಉತ್ತರ ತಪ್ಪಾಗುತ್ತದೆ, ತಪ್ಪಾದದ್ದೇಕೆ ಎಂದು ವಿವರಿಸುವುದರಲ್ಲಿ ನಿಜವಾದ ವಿಜ್ಞಾನವಿದೆ. ಕರಾವಳಿಯ ನಂಟಿರುವ ಶಿಕ್ಷಕರು, ಮೀನು ವ್ಯಾಪಾರ ಮಾಡುವ ಮನೆಯ ಮಗು ಇದ್ದರೆ ಬೂತಾಯಿಯಷ್ಟು ಜೀವಂತ ಇನ್ನೊಂದಿಲ್ಲ.

ನಾವು ಈ ವರ್ಷ ಕ್ರಿಲ್ಲನ್ನೂ ಕೆರೆಯನ್ನೂ ಒಂದೇ ಮೇಜಿನ ಮೇಲೆ ಇಡುತ್ತಿದ್ದೇವೆ. ನಡುವೆ ಒಂದು ಹಲಗೆ, ಅದರ ಮೇಲೆ ಆ ತೀರ್ಪುಗಾರರ ಪ್ರಶ್ನೆ ಮಾತ್ರ. ಎಡಗಡೆ ಹುರಿಯ ಚೌಕಟ್ಟು, ಒಣ ಸೀಗಡಿ, ಒಂದು ಬಾಟಲಿಯಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಸಿಲಿಕಾ ತೋರಿಸಲು ಬಿಳಿ ಮರಳು. ಬಲಗಡೆ ಎರಡು ಟಬ್ಬು, ಅಳತೆಯ ಪುಸ್ತಕ. ಹೋದ ವರ್ಷದ ಹುಡುಗಿ ಈಗ ಹತ್ತನೆಯಲ್ಲಿದ್ದಾಳೆ, ಅವಳೇ ನಿಲ್ಲುತ್ತಾಳೆ. ಮೊನ್ನೆ ಅಭ್ಯಾಸ ಮಾಡುವಾಗ ನಾನು ಅದೇ ಪ್ರಶ್ನೆ ಕೇಳಿದೆ. “ಎಲ್ಲಿ ಸಾರ್, ಕೆರೆಯಲ್ಲೋ ಸಮುದ್ರದಲ್ಲೋ?” ಎಂದು ಮೊದಲು ಕೇಳಿದಳು.

ನೀವೂ ಹೀಗೆ ಎರಡನ್ನೂ ಇಡುವುದಾದರೆ ಕೆರೆಯ ನೀರನ್ನು ಹಿಂದಿನ ದಿನ ಸಂಜೆಯೇ ತಂದುಕೊಳ್ಳಿ, ಬಾಟಲಿಯ ಮುಚ್ಚಳ ಸಡಿಲ ಬಿಡಿ, ಇಲ್ಲದಿದ್ದರೆ ಬೆಳಿಗ್ಗೆಗೆ ಚಿಗಟ ಸತ್ತಿರುತ್ತದೆ. ಮುಗಿದ ಮೇಲೆ ಆ ನೀರು ಅದೇ ಕೆರೆಗೆ ಹೋಗಲಿ. ಗಪ್ಪಿಗಳನ್ನು ಮಾತ್ರ ಕೆರೆಗೆ ಬಿಡಬೇಡಿ, ಅವು ಹೊರಗಿನಿಂದ ಬಂದ ಮೀನು, ಶಾಲೆಯ ತೊಟ್ಟಿಯಲ್ಲೇ ಇರಲಿ.